ಗ್ರಾಹಕನ ಮಾತು, ಅಂಗಡಿಯ ಹೆಸರು

ವ್ಯಾಪಾರವು ನಂಬಿಕೆಯ ಮೇಲೆ ನಿಂತಿರುವ ವ್ಯವಹಾರ. ಕೊಳ್ಳುವವನ ಕೈಯಿಂದ ಹಣವು ಮೊದಲು ಹೋಗುತ್ತದೆ. ಕೊಂಡ ವಸ್ತುವಿನ ಗುಣವು ಆಮೇಲೆ ತಿಳಿಯುತ್ತದೆ. ಬಟ್ಟೆಯ ಬಣ್ಣವು ಗಟ್ಟಿಯೋ ಅಲ್ಲವೋ ಎಂಬುದನ್ನು ಮೊದಲನೆಯ ಒಗೆತವು ಹೇಳುತ್ತದೆ. ಹೋಟೆಲಿನ ಅಡಿಗೆಯ ರುಚಿಯನ್ನು ಎಲೆಯ ಮುಂದೆ ಕುಳಿತ ಮೇಲೆಯೇ ಅರಿಯಬೇಕು. ಗಡಿಯಾರವನ್ನು ರಿಪೇರಿಗೆ ಕೊಟ್ಟವನು ಒಂದೆರಡು ತಿಂಗಳು ಕಳೆದ ಮೇಲೆ ಆ ರಿಪೇರಿಯ ಯೋಗ್ಯತೆಯನ್ನು ಕಾಣುತ್ತಾನೆ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಈ ಅಂತರವನ್ನು ದಾಟುವುದು ಹೇಗೆ ಎಂಬುದು ಸಂತೆಯಷ್ಟೇ ಹಳೆಯದಾದ ಪ್ರಶ್ನೆ.

ಸಣ್ಣ ಊರಿನಲ್ಲಿ ಇದಕ್ಕೆ ಸುಲಭವಾದ ಉತ್ತರವುಂಟು. ಊರಿಗೆ ಹೊಸದಾಗಿ ಬಂದವರು ನೆರೆಮನೆಯವರನ್ನು ಕೇಳುತ್ತಾರೆ. “ರವಿಕೆ ಹೊಲಿಸುವುದಾದರೆ ದೇವಸ್ಥಾನದ ಬೀದಿಯ ತಿರುವಿನಲ್ಲಿರುವ ಅಂಗಡಿಗೆ ಹೋಗಿ; ಹೇಳಿದ ದಿನಕ್ಕೆ ಕೊಡುತ್ತಾರೆ” ಎಂದು ನೆರೆಯಾಕೆ ಹೇಳುತ್ತಾಳೆ. ಈ ಮಾತಿಗೆ ಬೆಲೆ ಬಂದುದು ಏತರಿಂದ? ಹೇಳಿದವಳು ತಾನೇ ಅಲ್ಲಿ ರವಿಕೆ ಹೊಲಿಸಿದ್ದಾಳೆ. ಹಾಗೆ ಹೇಳುವುದರಿಂದ ಅವಳಿಗೆ ಬಿಡಿಗಾಸಿನ ಲಾಭವೂ ಇಲ್ಲ. ತಾನು ಕಂಡುದನ್ನು ಹೇಳುವುದು, ಹೇಳಿದುದಕ್ಕೆ ಕೂಲಿ ಪಡೆಯದಿರುವುದು, ಈ ಎರಡು ಗುಣಗಳು ಕೂಡಿದ ಮಾತಿಗೆ ಸಾಕ್ಷಿ ಎಂದು ಹೆಸರು. ಅಂಗಡಿಕಾರನು ತನ್ನ ಹಲಗೆಯ ಮೇಲೆ ‘ಅತ್ಯುತ್ತಮ ಹೊಲಿಗೆ’ ಎಂದು ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಸಿದರೂ ಅದು ಸಾಕ್ಷಿಯಾಗಲಾರದು.

ಕೊಳ್ಳುವವನೂ ಮಾರುವವನೂ ದೂರ ದೂರವಿದ್ದಾಗ ನೆರೆಮನೆಯ ಮಾತು ಸಾಲುವುದಿಲ್ಲ. ಆಗ ಹೆಸರು ಪತ್ರದ ಮೂಲಕ ಸಂಚರಿಸಬೇಕಾಗುತ್ತದೆ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ, ಅಲ್ಲಿಂದ ಮೆಣಸು, ಅಡಕೆ, ಕಬ್ಬಿಣ ಮೊದಲಾದ ಸರಕುಗಳನ್ನು ಏಡನ್ ಬಂದರಿಗೆ ಕಳುಹಿಸುತ್ತಿದ್ದನು. ಅವನಿಗೆ ಏಡನ್ನಿನ ಪಾಲುದಾರರು ಬರೆದ ಪತ್ರಗಳು ಹಳೆಯ ಕೈರೋ ನಗರದ ಯೆಹೂದಿ ಪ್ರಾರ್ಥನಾಮಂದಿರವೊಂದರಲ್ಲಿ ದೊರೆತಿವೆ. ಆ ಕಾಲದ ಇಂತಹ ವರ್ತಕರು ಸರಕಿನ ಲೆಕ್ಕದ ಜೊತೆಗೆ ಯಾರು ನಂಬಿಕಸ್ಥರು, ಯಾರು ಮಾತಿಗೆ ತಪ್ಪಿದರು ಎಂಬ ವಾರ್ತೆಯನ್ನೂ ತಮ್ಮ ತಮ್ಮಲ್ಲಿ ಬರೆದು ತಿಳಿಸುತ್ತಿದ್ದರು. ಮುಖವನ್ನೇ ಕಾಣದ ವರ್ತಕನಿಗೆ ಸಾವಿರಾರು ಮೈಲಿಗಳಾಚೆಯಿಂದ ಸರಕನ್ನು ಒಪ್ಪಿಸಲು ಅವರಿಗೆ ಧೈರ್ಯ ಬರುತ್ತಿದ್ದುದು ಈ ಸುದ್ದಿಯ ಬಲದಿಂದ.

ಇಂತಹ ಸುದ್ದಿಯೇ ಇಲ್ಲದಿದ್ದರೆ ಆಗುವುದೇನು? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಹಳೆಯ ಕಾರುಗಳ ಮಾರಾಟವನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿವರಿಸಿದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ಗುರುತಿಸಲಾಗದಿದ್ದರೆ ಅವನು ಎಲ್ಲಕ್ಕೂ ನಡುವಣ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಯು ಒಳ್ಳೆಯ ಕಾರನ್ನು ಇಟ್ಟುಕೊಂಡವನಿಗೆ ಸಾಲದು. ಅವನು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಸರಕು. ಈ ಬಗೆಯ ಚಿಂತನೆಗಾಗಿ ಅವರು 2001ರಲ್ಲಿ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಸಾಕ್ಷಿ ಇಲ್ಲದ ಸಂತೆಯಲ್ಲಿ ಪ್ರಾಮಾಣಿಕನಿಗೇ ಹೆಚ್ಚು ನಷ್ಟ ಎಂಬುದು ಈ ವಿಚಾರದ ತಿರುಳು.

ದೊಡ್ಡ ಕಂಪನಿಗಳು ಈ ತೊಡಕನ್ನು ಹಣದಿಂದ ಬಿಡಿಸಿಕೊಳ್ಳುತ್ತವೆ. ನೂರು ಊರುಗಳಲ್ಲಿ ಒಂದೇ ಹೆಸರಿನ, ಒಂದೇ ಬಣ್ಣದ ಅಂಗಡಿಗಳನ್ನು ತೆರೆದು, ಎಲ್ಲೆಡೆಯೂ ಒಂದೇ ಬಗೆಯ ಪದಾರ್ಥವನ್ನು ಕೊಡುತ್ತವೆ. ಜಾಹೀರಾತುಗಳ ಮೂಲಕ ಆ ಹೆಸರನ್ನು ಜನರ ಮನಸ್ಸಿನಲ್ಲಿ ಅಚ್ಚೊತ್ತುತ್ತವೆ. ಒಂಟಿ ಅಂಗಡಿಯನ್ನು ನಡೆಸುವವನಿಗೆ ಈ ದಾರಿ ತೆರೆದಿಲ್ಲ. ಅವನ ದೋಸೆ ಎಷ್ಟೇ ರುಚಿಯಾಗಿದ್ದರೂ ಪರಊರಿನ ಪ್ರಯಾಣಿಕನು ಅವನ ಬಾಗಿಲನ್ನು ದಾಟಿ, ತನಗೆ ಪರಿಚಯವಿರುವ ಹಲಗೆಯನ್ನು ಹುಡುಕುತ್ತಾ ಮುಂದೆ ಹೋಗುತ್ತಾನೆ.

ಅಪರಿಚಿತನಿಗೆ ದಾರಿ ತೋರಿಸುವ ಕೆಲಸವನ್ನು ಮೊದಲು ಪುಸ್ತಕಗಳು ಕೈಗೊಂಡವು. ಫ್ರಾನ್ಸಿನ ಮಿಶೆಲಿನ್ ಎಂಬ ಟಯರು ಕಂಪನಿಯು 1900ರಲ್ಲಿ ಕಾರುಗಳಲ್ಲಿ ಪ್ರಯಾಣ ಮಾಡುವವರಿಗಾಗಿ ಕೈಪಿಡಿಯೊಂದನ್ನು ಹೊರತಂದಿತು. 1926ರಿಂದ ಉತ್ತಮ ಭೋಜನಶಾಲೆಗಳಿಗೆ ನಕ್ಷತ್ರದ ಗುರುತನ್ನು ಕೊಡತೊಡಗಿತು. ಆ ತೀರ್ಪು ಗುರುತು ಮರೆಸಿಕೊಂಡು ಊಟಮಾಡುವ ಪರಿಣತರದು. 1979ರಲ್ಲಿ ನ್ಯೂಯಾರ್ಕ್ ನಗರದ ವಕೀಲ ದಂಪತಿಗಳಾದ ಟಿಮ್ ಮತ್ತು ನೀನಾ ಜಗಾಟ್ ಎಂಬವರು ಬೇರೊಂದು ಮಾರ್ಗವನ್ನು ಹಿಡಿದರು. ತಮ್ಮ ಸ್ನೇಹಿತರಿಗೆ ಪ್ರಶ್ನಾವಳಿಯನ್ನು ಕೊಟ್ಟು, ನಗರದ ಭೋಜನಶಾಲೆಗಳ ಬಗ್ಗೆ ಅವರ ಅಭಿಪ್ರಾಯಗಳನ್ನು ಕಲೆಹಾಕಿದರು. ಇದೇ ಮುಂದೆ ಪುಸ್ತಕವಾಗಿ ಹೆಸರು ಮಾಡಿತು. ಒಬ್ಬ ಪಂಡಿತನ ನಾಲಗೆಗಿಂತ ಹಲವು ಸಾಮಾನ್ಯರ ಅನುಭವವೂ ಪ್ರಮಾಣವಾಗಬಲ್ಲುದು ಎಂಬ ಭಾವನೆಗೆ ಇದು ನಾಂದಿಯಾಯಿತು.

ಅಂತರಜಾಲವು ಬಂದ ಮೇಲೆ ಈ ಪ್ರಶ್ನಾವಳಿಯು ಎಲ್ಲರ ಕೈಗೂ ಸಿಕ್ಕಿತು. 1995ರಲ್ಲಿ ಆರಂಭವಾದ ಈಬೇ ಎಂಬ ಹರಾಜು ತಾಣವು ಮರುವರ್ಷವೇ ಕೊಂಡವರೂ ಮಾರಿದವರೂ ಒಬ್ಬರನ್ನೊಬ್ಬರು ಕುರಿತು ಅಭಿಪ್ರಾಯ ಬರೆಯುವ ಏರ್ಪಾಡನ್ನು ಮಾಡಿತು. 2000ದಲ್ಲಿ ಅಮೆರಿಕದಲ್ಲಿ ಟ್ರಿಪ್‌ಅಡ್ವೈಸರ್, ಅದೇ ವರ್ಷ ಮುಂಬಯಿಯಲ್ಲಿ ಮೌತ್‌ಶಟ್ ಎಂಬ ತಾಣಗಳು ಹುಟ್ಟಿದವು. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜೆರೆಮಿ ಸ್ಟಾಪಲ್‌ಮನ್ ಮತ್ತು ರಸೆಲ್ ಸಿಮನ್ಸ್ ಎಂಬ ಇಬ್ಬರು ಎಂಜಿನಿಯರುಗಳು ಯೆಲ್ಪ್ ಎಂಬ ತಾಣವನ್ನು ಸ್ಥಾಪಿಸಿದರು. ಒಳ್ಳೆಯ ವೈದ್ಯರು ಬೇಕಾದವನು ತನ್ನ ಸ್ನೇಹಿತರಿಗೆ ಇ-ಮೇಲ್ ಕಳುಹಿಸಿ ಕೇಳಬೇಕು ಎಂಬುದು ಅವರ ಮೊದಲ ಯೋಜನೆಯಾಗಿತ್ತು. ಅದು ಫಲಿಸಲಿಲ್ಲ. ಆದರೆ ಯಾರೂ ಕೇಳದೆಯೇ ಜನರು ತಮಗೆ ಮೆಚ್ಚಿಕೆಯಾದ ಅಂಗಡಿಗಳ ವಿಷಯವನ್ನು ತಾವಾಗಿಯೇ ಬರೆಯುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತು. ಆ ಹವ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಅವರು ತಾಣವನ್ನು ಹೊಸದಾಗಿ ಕಟ್ಟಿದರು.

ಇಂತಹ ತಾಣಗಳ ಕ್ರಮವು ಸರಳವಾಗಿದೆ. ಪ್ರತಿಯೊಂದು ಅಂಗಡಿಗೂ ಒಂದು ಪುಟವಿರುತ್ತದೆ. ಅಲ್ಲಿಗೆ ಹೋಗಿಬಂದ ಗ್ರಾಹಕನು 1ರಿಂದ 5ರವರೆಗೆ ನಕ್ಷತ್ರಗಳನ್ನು ಕೊಟ್ಟು, ತನ್ನ ಅನುಭವವನ್ನು ಕೆಲವು ವಾಕ್ಯಗಳಲ್ಲಿ ಬರೆಯುತ್ತಾನೆ. ಎಲ್ಲ ನಕ್ಷತ್ರಗಳ ಸರಾಸರಿಯು ಅಂಗಡಿಯ ಹೆಸರಿನ ಪಕ್ಕದಲ್ಲಿ ಕಾಣಿಸುತ್ತದೆ. ಬರೆಯುವವರಿಗೆ ಸಂಬಳವಿಲ್ಲ. ತಾವು ಕಂಡ ಒಳ್ಳೆಯದನ್ನು ಹತ್ತು ಜನಕ್ಕೆ ತಿಳಿಸಬೇಕೆಂಬ ಹಂಬಲ, ಮೋಸವನ್ನು ಕಂಡಾಗ ಇತರರನ್ನು ಎಚ್ಚರಿಸಬೇಕೆಂಬ ಛಲ, ಚೆನ್ನಾಗಿ ಬರೆಯುವವನೆಂಬ ಹೆಸರು, ಇವೇ ಅವರ ಪ್ರತಿಫಲ. ಕಾಲಕ್ರಮದಲ್ಲಿ ಇವರು ಒಬ್ಬರ ಬರಹವನ್ನೊಬ್ಬರು ಗುರುತಿಸುವ ಒಂದು ಸಮುದಾಯವೇ ಆಗುತ್ತಾರೆ. ಭಾರತದ ಪಟ್ಟಣಗಳಲ್ಲಿಯೂ ಗೂಗಲ್ ನಕ್ಷೆ, ಜಸ್ಟ್‌ಡಯಲ್, ಜೊಮ್ಯಾಟೊ ಮೊದಲಾದ ಕಡೆಗಳಲ್ಲಿ ಇಂತಹ ಅಭಿಪ್ರಾಯಗಳನ್ನು ಓದಿ ಅಂಗಡಿಯನ್ನು ಆರಿಸಿಕೊಳ್ಳುವವರು ಅನೇಕರಿದ್ದಾರೆ.

ಈ ನಕ್ಷತ್ರಗಳಿಂದ ಅಂಗಡಿಯವನಿಗೆ ನಿಜವಾಗಿ ಲಾಭವಾಗುವುದೇ? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮೈಕೇಲ್ ಲೂಕಾ ಅವರು ಸಿಯಾಟಲ್ ನಗರದ ಭೋಜನಶಾಲೆಗಳನ್ನು ಕುರಿತು ನಡೆಸಿದ ಅಧ್ಯಯನವು 2011ರಲ್ಲಿ ಹೊರಬಂದಿತು. ಅವರ ಮುಂದೆ ಒಂದು ಕಷ್ಟವಿತ್ತು. ಒಳ್ಳೆಯ ಅಡಿಗೆಯಿದ್ದಲ್ಲಿ ನಕ್ಷತ್ರಗಳೂ ಹೆಚ್ಚು, ಗಿರಾಕಿಗಳೂ ಹೆಚ್ಚು. ಹಾಗಿರುವಾಗ ವ್ಯಾಪಾರ ಬೆಳೆದದ್ದು ಅಡಿಗೆಯಿಂದಲೋ ನಕ್ಷತ್ರದಿಂದಲೋ ಎಂದು ಬೇರ್ಪಡಿಸುವುದು ಹೇಗೆ? ಯೆಲ್ಪ್ ತಾಣವು ಸರಾಸರಿಯನ್ನು ಅರ್ಧ ನಕ್ಷತ್ರಕ್ಕೆ ಸರಿಹೊಂದಿಸಿ ತೋರಿಸುತ್ತಿತ್ತು. 3.24 ಬಂದವನಿಗೆ 3 ನಕ್ಷತ್ರ, 3.25 ಬಂದವನಿಗೆ 3.5 ನಕ್ಷತ್ರ. ಅಡಿಗೆಯಲ್ಲಿ ಇವರಿಬ್ಬರೂ ಸರಿಸಮಾನರೇ. ಕಣ್ಣಿಗೆ ಕಾಣುವ ಗುರುತು ಮಾತ್ರ ಬೇರೆ. ಇಂತಹ ಜೋಡಿಗಳ ವ್ಯಾಪಾರವನ್ನು ಸರಕಾರದ ತೆರಿಗೆ ಲೆಕ್ಕಗಳಿಂದ ಹೋಲಿಸಿದಾಗ, ಒಂದು ನಕ್ಷತ್ರದ ಏರಿಕೆಯಿಂದ ವರಮಾನವು ನೂರಕ್ಕೆ 5ರಿಂದ 9ರಷ್ಟು ಹೆಚ್ಚುತ್ತದೆಂದು ತಿಳಿದುಬಂದಿತು. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈ ಏರಿಕೆಯು ಒಂಟಿಯಾಗಿ ನಡೆಯುವ ಭೋಜನಶಾಲೆಗಳಲ್ಲಿ ಕಂಡಿತೇ ಹೊರತು, ಹಲವು ಊರುಗಳಲ್ಲಿ ಶಾಖೆಗಳುಳ್ಳ ಪ್ರಸಿದ್ಧ ಹೆಸರಿನವುಗಳಲ್ಲಿ ಕಾಣಲಿಲ್ಲ. ಈಗಾಗಲೇ ಹೆಸರಿದ್ದವನಿಗೆ ಸಾಕ್ಷಿಯ ಅಗತ್ಯ ಕಡಿಮೆ. ಹೆಸರಿಲ್ಲದವನಿಗೆ ಅದೇ ಬಂಡವಾಳ.

ಹೀಗಿರಲು, ಸಣ್ಣ ವರ್ತಕನು ಈ ವೇದಿಕೆಯನ್ನು ಹೇಗೆ ಬಳಸಿಕೊಳ್ಳಬೇಕು? ಮೊದಲನೆಯದಾಗಿ, ತಾಣದಲ್ಲಿರುವ ತನ್ನ ಪುಟವನ್ನು ತನ್ನದೆಂದು ನೋಂದಾಯಿಸಿಕೊಂಡು, ವಿಳಾಸ, ದೂರವಾಣಿ ಸಂಖ್ಯೆ, ಬಾಗಿಲು ತೆರೆಯುವ ಹಾಗೂ ಮುಚ್ಚುವ ವೇಳೆ, ವಾರದ ರಜೆ, ಬೆಲೆಯ ಪಟ್ಟಿ ಇವನ್ನು ತಪ್ಪಿಲ್ಲದೆ ಬರೆದಿಡಬೇಕು. ಭಾನುವಾರ ತೆರೆದಿರುತ್ತದೆ ಎಂದು ಓದಿಕೊಂಡು ದೂರದಿಂದ ಬಂದವನು ಬೀಗವನ್ನು ಕಂಡು ಹಿಂದಿರುಗಿದರೆ, ಅವನ ಕೋಪಕ್ಕೆ ಕಾರಣವಿದೆ. ಅಂಗಡಿಯ ಒಳಗಿನ, ಪದಾರ್ಥಗಳ ಚಿತ್ರಗಳು ಇದ್ದದ್ದನ್ನು ಇದ್ದಂತೆ ತೋರಿಸಬೇಕು.

ಎರಡನೆಯದಾಗಿ, ಗ್ರಾಹಕರು ಬರೆದುದಕ್ಕೆ ಉತ್ತರ ಕೊಡಬೇಕು. ಅಮೆರಿಕದ ಟೆಕ್ಸಾಸ್ ರಾಜ್ಯದ ಹೋಟೆಲುಗಳನ್ನು ಕುರಿತು ಪ್ರೊಸೆರ್ಪಿಯೊ ಮತ್ತು ಜೆರ್ವಾಸ್ ಎಂಬ ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಫಲವನ್ನು ಅಳೆದಿದೆ. ಮಾಲೀಕರು ಉತ್ತರ ಬರೆಯತೊಡಗಿದ ಮೇಲೆ ಅಭಿಪ್ರಾಯಗಳ ಸಂಖ್ಯೆ ನೂರಕ್ಕೆ 12ರಷ್ಟು ಹೆಚ್ಚಿತು, ಸರಾಸರಿಯು 0.12 ನಕ್ಷತ್ರದಷ್ಟು ಮೇಲೇರಿತು. ಮಾಲೀಕನು ಓದುತ್ತಾನೆಂದು ತಿಳಿದಾಗ ಕಾರಣವಿಲ್ಲದೆ ಹಳಿಯುವವರು ಕಡಿಮೆಯಾಗುತ್ತಾರೆ. ದೂರುವವರು ಹೆಚ್ಚು ವಿವರವಾಗಿ ಬರೆಯುತ್ತಾರೆ. ಆ ವಿವರವು ವರ್ತಕನಿಗೆ ಪುಕ್ಕಟೆಯಾಗಿ ದೊರೆತ ಉಪದೇಶ. ಉತ್ತರದಲ್ಲಿ ವಾದ ಸಲ್ಲದು. “ಸಾಂಬಾರು ತಣ್ಣಗಿತ್ತು” ಎಂದು ಒಬ್ಬನು ಬರೆದರೆ “ಬಿಸಿಯಾಗಿಯೇ ಇತ್ತು” ಎಂದು ಜಗಳಕ್ಕೆ ನಿಲ್ಲುವುದರಿಂದ ಪ್ರಯೋಜನವಿಲ್ಲ. ವಿಷಾದವನ್ನು ಸೂಚಿಸಿ, ಒಲೆಯ ಪಕ್ಕದಲ್ಲಿಯೇ ಬಡಿಸುವ ವ್ಯವಸ್ಥೆ ಮಾಡಿದ್ದೇವೆ ಎಂದು ತಿಳಿಸಿದರೆ, ಅದನ್ನು ಓದುವ ನೂರು ಮಂದಿಗೆ ಆ ಅಂಗಡಿಯ ನಡತೆ ಅರ್ಥವಾಗುತ್ತದೆ. ಆ ವ್ಯವಸ್ಥೆಯನ್ನು ನಿಜವಾಗಿ ಮಾಡಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದಾಗಿ, ತೃಪ್ತರಾದ ಗ್ರಾಹಕರು ಬರೆಯುವಂತಾಗಬೇಕು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬಹುದು. ಒಂದು ಅಂಗಡಿಯ ಬಗ್ಗೆ ಐವರು ಬರೆದಿದ್ದಾರೆ. ನಾಲ್ವರು 5 ನಕ್ಷತ್ರಗಳನ್ನೂ ಒಬ್ಬನು 1 ನಕ್ಷತ್ರವನ್ನೂ ಕೊಟ್ಟರೆ ಸರಾಸರಿ 4.2 ಆಗುತ್ತದೆ. 50 ಮಂದಿ ಬರೆದು ಅವರಲ್ಲಿ ಒಬ್ಬನೇ 1 ನಕ್ಷತ್ರವನ್ನೂ ಉಳಿದವರೆಲ್ಲರೂ 5 ನಕ್ಷತ್ರಗಳನ್ನೂ ಕೊಟ್ಟರೆ ಸರಾಸರಿ 4.92. ಬರೆದವರು ಕಡಿಮೆಯಿದ್ದಾಗ ಒಬ್ಬನ ಮುನಿಸು ಅಂಗಡಿಯನ್ನೇ ವಾಲಿಸುತ್ತದೆ. ಆದರೆ ಬರೆಯಿರೆಂದು ಕೇಳುವುದಕ್ಕೂ ಮಿತಿಯುಂಟು. ಗೂಗಲ್ ಸಂಸ್ಥೆಯು ಗ್ರಾಹಕರಿಗೆ ನೆನಪಿಸುವುದನ್ನು ಒಪ್ಪುತ್ತದೆ. ಬರೆದುದಕ್ಕೆ ರಿಯಾಯಿತಿ, ಉಡುಗೊರೆ ಕೊಡುವುದನ್ನು ನಿಷೇಧಿಸಿದೆ. ಯೆಲ್ಪ್ ಇನ್ನೂ ಕಟ್ಟುನಿಟ್ಟಾಗಿ, ಕೇಳುವುದೇ ಬೇಡ ಎನ್ನುತ್ತದೆ. ಎರಡರ ಹಿಂದೆಯೂ ಇರುವ ತತ್ತ್ವ ಒಂದೇ: ಕೂಲಿ ಕೊಟ್ಟೊಡನೆ ಸಾಕ್ಷಿಯು ಜಾಹೀರಾತಾಗುತ್ತದೆ.

ಈ ಎಚ್ಚರಿಕೆಯನ್ನು ಮೀರಿದವರೂ ಇದ್ದಾರೆ. ಲೂಕಾ ಮತ್ತು ಜೆರ್ವಾಸ್ ಅವರು ಬಾಸ್ಟನ್ ನಗರದ ಭೋಜನಶಾಲೆಗಳನ್ನು ಕುರಿತು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಅಭಿಪ್ರಾಯಗಳ ಪೈಕಿ ನೂರಕ್ಕೆ ಸುಮಾರು 16ರಷ್ಟನ್ನು ಯೆಲ್ಪ್ ತಾಣವೇ ಸಂಶಯಾಸ್ಪದವೆಂದು ಬೇರೆಯಾಗಿ ಇರಿಸಿತ್ತೆಂದು ಕಂಡುಬಂದಿತು. ಹೆಸರು ಇನ್ನೂ ನೆಲೆಗೊಳ್ಳದವರಲ್ಲಿ ಸುಳ್ಳು ಹೊಗಳಿಕೆಯೂ, ಪೈಪೋಟಿ ತೀವ್ರವಾದಲ್ಲಿ ಎದುರಾಳಿಯನ್ನು ಕುರಿತ ಸುಳ್ಳು ತೆಗಳಿಕೆಯೂ ಹೆಚ್ಚೆಂದು ಅವರು ತೋರಿಸಿದರು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರ ಕಚೇರಿಯವರು ಬ್ರೂಕ್ಲಿನ್ನಿನಲ್ಲಿ ಮೊಸರಿನ ತಿನಿಸಿನ ಅಂಗಡಿಯೊಂದಿದೆಯೆಂದು ನಟಿಸಿ, ಹೊಗಳಿಕೆಯನ್ನು ಬರೆಸಿಕೊಡುವ ದಲ್ಲಾಳಿಗಳನ್ನು ಪತ್ತೆಮಾಡಿದರು. ಒಂದೊಂದು ಅಭಿಪ್ರಾಯಕ್ಕೆ 1ರಿಂದ 10 ಡಾಲರ್ ಕೊಟ್ಟು ದೂರ ದೇಶಗಳವರಿಂದ ಬರೆಸುತ್ತಿದ್ದುದು ಹೊರಬಿದ್ದಿತು. 2013ರಲ್ಲಿ 19 ಸಂಸ್ಥೆಗಳು ಒಟ್ಟು 3,50,000 ಡಾಲರಿಗೂ ಹೆಚ್ಚು ದಂಡವನ್ನು ತೆರಲು ಒಪ್ಪಿದವು.

ಸುಳ್ಳು ಎಷ್ಟು ದೂರ ಸಾಗಬಲ್ಲುದೆಂಬುದನ್ನು ಲಂಡನ್ ನಗರದ ಒಂದು ಘಟನೆಯು ತೋರಿಸುತ್ತದೆ. ಊಬಾ ಬಟ್ಲರ್ ಎಂಬ ಪತ್ರಕರ್ತನು 2017ರಲ್ಲಿ ಡಲ್ವಿಚ್ ಎಂಬಲ್ಲಿನ ತನ್ನ ತೋಟದ ಗುಡಿಸಲನ್ನು ಭೋಜನಶಾಲೆಯೆಂದು ಟ್ರಿಪ್‌ಅಡ್ವೈಸರ್ ತಾಣದಲ್ಲಿ ನೋಂದಾಯಿಸಿದನು. ಕ್ಷೌರದ ನೊರೆಯೇ ಮೊದಲಾದ ವಸ್ತುಗಳಿಂದ ತಿಂಡಿಗಳಂತೆ ಕಾಣುವ ಚಿತ್ರಗಳನ್ನು ತೆಗೆದನು. ಸ್ನೇಹಿತರಿಂದ ಹೊಗಳಿಕೆಗಳನ್ನು ಬರೆಸಿದನು. ಯಾರು ಕರೆ ಮಾಡಿದರೂ ಜಾಗವಿಲ್ಲ ಎಂಬುದೇ ಉತ್ತರ. ಅದೇ ವರ್ಷದ ನವೆಂಬರ್ ವೇಳೆಗೆ, ಒಬ್ಬರಿಗೂ ಒಂದು ತುತ್ತನ್ನು ಬಡಿಸದ ಆ ಗುಡಿಸಲು ಲಂಡನ್ನಿನ ಭೋಜನಶಾಲೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆದಿತ್ತು. ಓದುವವರಿಗೆ ಇದು ನಗೆಯ ಪ್ರಸಂಗ. ಆದರೆ ಆ ಪಟ್ಟಿಯಲ್ಲಿ ಪ್ರತಿದಿನವೂ ನಿಜವಾದ ಒಲೆಯನ್ನು ಹೊತ್ತಿಸಿ, ನಿಜವಾದ ಊಟವನ್ನು ಬಡಿಸುತ್ತಿದ್ದ ಸಾವಿರಾರು ಮಂದಿ ಇದ್ದರು. ಅವರೆಲ್ಲರೂ ಆ ದಿನ ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದರು.

ತಾಣಗಳೂ ವ್ಯಾಪಾರ ಸಂಸ್ಥೆಗಳೇ ಎಂಬುದನ್ನು ಮರೆಯಲಾಗದು. ಅಂಗಡಿಗಳಿಂದ ಜಾಹೀರಾತಿನ ಹಣವನ್ನು ಪಡೆಯುವವರೇ ಅಂಗಡಿಗಳ ಬಗೆಗಿನ ಅಭಿಪ್ರಾಯಗಳನ್ನೂ ಪ್ರಕಟಿಸುತ್ತಾರೆ. ಇದರಿಂದ ಹಲವು ವರ್ತಕರಿಗೆ ಅಸಮಾಧಾನವುಂಟು. ಜಾಹೀರಾತಿಗೂ ಅಭಿಪ್ರಾಯಗಳಿಗೂ ಸಂಬಂಧವಿಲ್ಲವೆಂದು ಯೆಲ್ಪ್ ಸಂಸ್ಥೆಯು ಹೇಳುತ್ತಾ ಬಂದಿದೆ. 2014ರಲ್ಲಿ ಕ್ಯಾಲಿಫೋರ್ನಿಯದ ರಿಚ್ಮಂಡ್ ಪಟ್ಟಣದ ಇಟಾಲಿಯನ್ ಭೋಜನಶಾಲೆಯೊಂದು ತನಗೆ ಒಂದೇ ನಕ್ಷತ್ರವನ್ನು ಕೊಟ್ಟವರಿಗೆ ಪಿಜ್ಜಾದ ಬೆಲೆಯಲ್ಲಿ ನೂರಕ್ಕೆ 25ರಷ್ಟು ರಿಯಾಯಿತಿಯನ್ನು ಸಾರಿ ಪ್ರತಿಭಟಿಸಿತು. ಹಿಂದಿನಿಂದಲೂ ಅದನ್ನು ಮೆಚ್ಚಿದ್ದ ಗಿರಾಕಿಗಳು ನಗುನಗುತ್ತಾ ತೆಗಳಿಕೆಯನ್ನು ಬರೆದರು. ತಾಣವು ಎಣಿಸುವ ನಕ್ಷತ್ರಕ್ಕಿಂತ ಎದುರಿಗೆ ಕುಳಿತು ಉಣ್ಣುವ ಗಿರಾಕಿಯ ಸ್ನೇಹವೇ ಅವರಿಗೆ ಗಟ್ಟಿಯಾದ ಆಧಾರವಾಗಿತ್ತು.

ಈ ಸಾಕ್ಷಿಯನ್ನು ಕಾಪಾಡಲು ಸರಕಾರಗಳೂ ಮುಂದಾಗಿವೆ. ಭಾರತೀಯ ಮಾನಕ ಸಂಸ್ಥೆಯು 2022ರ ನವೆಂಬರಿನಲ್ಲಿ ಅಂತರಜಾಲದ ಗ್ರಾಹಕ ಅಭಿಪ್ರಾಯಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿತು. ಅಭಿಪ್ರಾಯಗಳನ್ನು ಸಂಗ್ರಹಿಸುವ, ಪರಿಶೀಲಿಸುವ, ಪ್ರಕಟಿಸುವ ಬಗೆಗಳನ್ನು ಅದು ವಿವರಿಸುತ್ತದೆ. ಜಾರಿಗೆ ಬಂದಾಗ ಅದರ ಪಾಲನೆಯು ಸಂಸ್ಥೆಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಅಮೆರಿಕದಲ್ಲಿ ಸುಳ್ಳು ಅಭಿಪ್ರಾಯಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮವು 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಸುಳ್ಳನ್ನು ತಡೆಯುವಷ್ಟೇ ಮುಖ್ಯವಾದುದು ನಿಜವನ್ನು ಉಳಿಸುವುದು. ಭಾರತದ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇಲ್ಲಿ ಸ್ಮರಣೀಯ. ಅದರಲ್ಲಿ ಮೌತ್‌ಶಟ್ ತಾಣವೂ ಅರ್ಜಿದಾರರಲ್ಲಿ ಒಂದಾಗಿತ್ತು. ನೊಂದವನೊಬ್ಬನು ನೋಟೀಸು ಕೊಟ್ಟ ಮಾತ್ರಕ್ಕೆ ಇತರರು ಬರೆದುದನ್ನು ತಾಣವು ಅಳಿಸಬೇಕಾಗಿಲ್ಲ. ಅದಕ್ಕೆ ನ್ಯಾಯಾಲಯದ ಆಜ್ಞೆಯಾಗಲಿ ಸರಕಾರದ ಆದೇಶವಾಗಲಿ ಬೇಕು ಎಂದು ನ್ಯಾಯಾಲಯವು ಆ ತೀರ್ಪಿನಲ್ಲಿ ತಿಳಿಸಿತು.

ಕಾನೂನು ತಲುಪದ ಕಡೆಯಲ್ಲಿ ಬರೆಯುವವನ ಮನಸ್ಸಾಕ್ಷಿಯೇ ಕಾವಲು. ತಾನು ಹೋಗದ ಅಂಗಡಿಯ ಬಗ್ಗೆ ಬರೆಯಬಾರದು. ನಂಟನೆಂದು ಹೊಗಳುವುದೂ ಹಗೆಯೆಂದು ತೆಗಳುವುದೂ ಒಂದೇ ತಪ್ಪಿನ ಎರಡು ಮುಖಗಳು. ಮಳೆಯಿಂದ ಬಸ್ಸು ತಡವಾದ ಸಿಟ್ಟನ್ನು ಕಾಫಿ ಕೊಟ್ಟ ಹುಡುಗನ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಏನು ಕೊಂಡದ್ದು, ಎಷ್ಟು ಕೊಟ್ಟದ್ದು, ಏನು ಸರಿಯಿತ್ತು, ಏನು ತಪ್ಪಿತ್ತು ಎಂಬುದನ್ನು ಬಿಡಿಸಿ ಬರೆದರೆ ಓದುವವನಿಗೂ ಉಪಯೋಗ, ಅಂಗಡಿಯವನಿಗೂ ಉಪಯೋಗ. ಬೆರಳ ತುದಿಯಿಂದ ಕ್ಷಣಮಾತ್ರದಲ್ಲಿ ಒತ್ತಿದ ಒಂದು ನಕ್ಷತ್ರದ ಹಿಂದೆ, ಮುಂಜಾವಿನಲ್ಲಿ ಎದ್ದು ಹಿಟ್ಟು ರುಬ್ಬುವವರು, ರಾತ್ರಿ ಲೆಕ್ಕ ನೋಡಿ ಮಕ್ಕಳ ಶಾಲೆಯ ಶುಲ್ಕವನ್ನು ಎತ್ತಿಡುವವರು ಇರುತ್ತಾರೆ.

ಅಂತರಜಾಲವು ನೆರೆಮನೆಯ ಜಗಲಿಯನ್ನು ಊರಗಲಕ್ಕೆ, ದೇಶದಗಲಕ್ಕೆ ಹಿಗ್ಗಿಸಿದೆ. ಜಗಲಿಯ ಮಾತಿಗೆ ಬೆಲೆ ತಂದುಕೊಟ್ಟಿದ್ದ ಆ ಎರಡು ಗುಣಗಳು, ಕಂಡುದನ್ನು ಹೇಳುವುದು ಮತ್ತು ಹೇಳಿದುದಕ್ಕೆ ಕೂಲಿ ಪಡೆಯದಿರುವುದು, ಇಲ್ಲಿಯೂ ಅಷ್ಟೇ ಅಗತ್ಯ. ಬಂಡವಾಳವಿಲ್ಲದ ಸಣ್ಣ ವರ್ತಕನಿಗೆ ಈ ಮಾತೇ ಆಸ್ತಿ. ಆದುದರಿಂದ ಅದನ್ನು ಹಣ ಕೊಟ್ಟು ಕೊಳ್ಳಲು ಹೊರಟರೆ ಅವನು ತನ್ನ ಆಸ್ತಿಯ ಬೆಲೆಯನ್ನು ತಾನೇ ಇಳಿಸಿಕೊಂಡಂತೆ. ತೂಕ ಸರಿಯಾಗಿರಲಿ, ಕೆಲಸ ಶುದ್ಧವಾಗಿರಲಿ, ದೂರಿಗೆ ಕಿವಿ ತೆರೆದಿರಲಿ. ಆಗ ಬರೆಯುವವರು ತಾವಾಗಿಯೇ ಬರುತ್ತಾರೆ.